ಸಲಹೆಗಾರ ರೇವಣಪ್ಪನ ಕಂಬಳಿ

ನಾನು ಇಂಡಿ ಕೋರ್ಟಿನಲ್ಲಿ ವಕೀಲ. ಹುಟ್ಟಿದ್ದು ಬಾರಿದಿನ್ನಿಯಲ್ಲಿ, ಹೊರ್ತಿಯಿಂದ ಒಳಕ್ಕೆ ಹೋಗುವ ಹಾದಿಯಲ್ಲಿ ಸಿಗುವ ಊರು. ಜಗಳ ಆಡುವುದರಲ್ಲಿ ನಮ್ಮೂರವರು ಯಾರಿಗೂ ಕಡಿಮೆಯಿಲ್ಲ. ಬದು ಒತ್ತಿದ್ದು, ನಿಂಬೆ ಗಿಡ ಕಡಿದದ್ದು, ಕುರಿ ಹೊಲಕ್ಕೆ ನುಗ್ಗಿದ್ದು, ಹೀಗೆ ವರ್ಷವಿಡೀ ಏನಾದರೊಂದು ನಡೆದೇ ಇರುತ್ತದೆ. ಆದರೂ ಇಷ್ಟು ವರ್ಷಗಳಲ್ಲಿ ಆ ಊರಿನಿಂದ ನನ್ನ ಕಡೆ ಬಂದ ಕೇಸುಗಳು ಬೆರಳೆಣಿಕೆಯಷ್ಟು. ಅದಕ್ಕೆ ಕಾರಣ ರೇವಣಪ್ಪ. ನನ್ನ ಹೊಟ್ಟೆಯ ಮೇಲೆ ಹೊಡೆದವನ ಬಗ್ಗೆ ನಾನೇ ಬರೆಯಲು ಕುಳಿತಿದ್ದೇನೆ ಅಂದರೆ, ಅವನಲ್ಲಿ ಏನೋ ಇರಬೇಕು ಅಂತ ನೀವು ತಿಳಿದುಕೊಳ್ಳಬೇಕು.

ರೇವಣಪ್ಪ ಹಾಲುಮತದವನು. ಒಂದಿಷ್ಟು ಹೊಲ, ಒಂದು ಹಿಂಡು ಕುರಿ, ಹೆಂಡತಿ ಹುಚ್ಚವ್ವ. ಮಗಳು ಭಾಗ್ಯಾಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದಾನೆ. ನಾಲ್ಕನೆಯ ತರಗತಿಯವರೆಗೆ ನಾವಿಬ್ಬರೂ ಒಂದೇ ಸಾಲಿನಲ್ಲಿ ಕೂತು ಏಟು ತಿಂದವರು. ಆಮೇಲೆ ನಾನು ಪುಸ್ತಕ ಹಿಡಿದೆ, ಅವನು ಕೋಲು ಹಿಡಿದ. ಬೀರದೇವರ ಗುಡಿಯ ಮುಂದಿನ ಬೇವಿನ ಮರದ ಕೆಳಗೆ ಅವನ ಅಜ್ಜನ ಕಾಲದ ಕರಿ ಕಂಬಳಿ ಹಾಸಿ ಅವನನ್ನು ಕೂರಿಸಿದರೆ ಅದೇ ನಮ್ಮೂರ ಕೋರ್ಟು. ಅಲ್ಲಿ ಸ್ಟಾಂಪೂ ಇಲ್ಲ, ವಾಯಿದೆಯೂ ಇಲ್ಲ. ಕಂಬಳಿಯ ಮೇಲೆ ಕುಳಿತು ಸುಳ್ಳು ಹೇಳಬಾರದು ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಅದರ ಜೊತೆಗೆ ಇನ್ನೂ ಎರಡು ಕಟ್ಟಳೆ ಇವೆ. ಯಾರ ಮೇಲೆ ದೂರು ಬಂದಿದೆಯೋ ಅವನು ಕಂಬಳಿಯ ಮೇಲೆ ಕೂರುವಂತಿಲ್ಲ. ಮತ್ತೆ, ಕೂತ ಹಿರಿಯ ತಾನಾಗಿ ಬಾಯಿ ಬಿಡುವಂತಿಲ್ಲ. ನ್ಯಾಯ ಬೇಕಾದವರು ಅವನ ಮುಂದೆ ಒಂದು ಚಿಟಿಕೆ ಭಂಡಾರ, ಅಂದರೆ ದೇವರ ಅರಿಸಿನ ಪುಡಿ, ಇಟ್ಟು "ಕೇಳ್ತೇನ್ರಿ" ಅನ್ನಬೇಕು. ಕೇಳದೆ ಹೇಳಿದ ಮಾತು ಕಂಬಳಿಯ ಮೇಲೆ ನಿಲ್ಲುವುದಿಲ್ಲ ಅನ್ನುತ್ತಾರೆ.

ಈ ಎರಡನೆಯ ಕಟ್ಟಳೆಯನ್ನು ರೇವಣಪ್ಪ ಪಾಲಿಸುತ್ತಿದ್ದ ರೀತಿ ನೋಡಿದರೆ ನನ್ನಂಥವನಿಗೆ ಮೈ ಉರಿಯುತ್ತಿತ್ತು. ಒಮ್ಮೆ ಬಾವಿಯ ಸಲುವಾಗಿ ಅಣ್ಣ ತಮ್ಮ ಇಬ್ಬರು ಅವನೆದುರು ಬೆಳಗಿನಿಂದ ಒದರಾಡಿದರು. ಒದರಾಟದಲ್ಲಿ ಭಂಡಾರ ಇಡುವುದನ್ನೇ ಇಬ್ಬರೂ ಮರೆತರು. ಇವನು ಎಲೆ ಅಡಿಕೆ ಜಗಿಯುತ್ತ ಕೂತವನು, ಹೊತ್ತು ನೆತ್ತಿಗೆ ಬಂದಾಗ ಎದ್ದು ಊಟಕ್ಕೆ ಹೋಗಿಬಿಟ್ಟ. ಅವರೂ ಒದರಿ ಒದರಿ ಸುಸ್ತಾಗಿ ತಾವೇ ಒಂದು ಒಪ್ಪಂದಕ್ಕೆ ಬಂದು ಮನೆಗೆ ಹೋದರು. ಹೇಳಬೇಕಾದದ್ದು ನಿನಗೆ ಗೊತ್ತಿರಲಿಲ್ಲವೇನೋ ಅಂತ ನಾನು ಕೇಳಿದರೆ, "ಗೊತ್ತಿತ್ತು. ಕೇಳಲಿಲ್ಲಲ್ಲಪಾ ಅವರು" ಅಂದ.

ಇಂಥ ಮನುಷ್ಯನನ್ನು ಹಿಡಿದು ಸರಕಾರ ಸಲಹೆಗಾರನನ್ನಾಗಿ ಮಾಡಿತು.

ಅದು ಆದದ್ದು ಹೀಗೆ. ಚುನಾವಣೆ ಮುಗಿದು ನಮ್ಮ ಭಾಗದವರೊಬ್ಬರು ಮಂತ್ರಿಯಾದರು. ಅವರ ಹೆಸರು ಬೇಡ. ಇಲಾಖೆಯ ಉದ್ದನೆಯ ಹೆಸರೂ ಬೇಡ, ನಮ್ಮೂರಲ್ಲಿ ಅದನ್ನು ದನದ ಇಲಾಖೆ ಅನ್ನುತ್ತಾರೆ. ಚುನಾವಣೆಯಲ್ಲಿ ದುಡಿದವರಿಗೆಲ್ಲ ಏನಾದರೂ ಕೊಡಬೇಕಲ್ಲ. ದೊಡ್ಡವರಿಗೆ ನಿಗಮ ಮಂಡಳಿ ಸಿಕ್ಕವು. ಉಳಿದವರಿಗೆ ಸಲಹೆಗಾರ ಅನ್ನುವ ಹುದ್ದೆ ಇತ್ತು. ಅದಕ್ಕೆ ಪರೀಕ್ಷೆ ಇಲ್ಲ, ವಯಸ್ಸಿನ ಮಿತಿಯಿಲ್ಲ, ನಿವೃತ್ತಿಯೂ ಇಲ್ಲ. ತಿಂಗಳಿಗೆ ಐವತ್ತು ಸಾವಿರ ಗೌರವಧನ, ಓಡಾಟದ ಖರ್ಚು ಬೇರೆ. ಮೊದಲು ಒಬ್ಬರು ಬಂದರು, ಆಮೇಲೆ ಇಬ್ಬರು, ನೋಡನೋಡುತ್ತ ನಾಲ್ವರಾದರು. ಒಬ್ಬ ಸಿಂದಗಿಯ ರಸ್ತೆ ಗುತ್ತಿಗೆದಾರ, ಒಬ್ಬ ಬಾಗೇವಾಡಿಯಲ್ಲಿ ಟಿಕೆಟು ತಪ್ಪಿದ ಮಾಜಿ ಪ್ರಾಧ್ಯಾಪಕ, ಒಬ್ಬ ಮುದ್ದೇಬಿಹಾಳದ ಹತ್ತಿ ವ್ಯಾಪಾರಿ, ಇನ್ನೊಬ್ಬ ಬೆಂಗಳೂರಿನಲ್ಲೇ ಇರುವ ಯಾರದೋ ಬೀಗ. ನಾಲ್ವರಲ್ಲಿ ಒಬ್ಬರ ಮನೆಯಲ್ಲೂ ಆಕಳು ಇರಲಿಲ್ಲ. ದನದ ಇಲಾಖೆಗೆ ಕುರಿ ಕಾಯುವವನೊಬ್ಬನೂ ಇಲ್ಲವೇ ಅಂತ ಹಾಲುಮತದವರು ಅಲ್ಲಲ್ಲಿ ಮಾತಾಡತೊಡಗಿದ ಮೇಲೆ ಐದನೆಯವನ ಹುಡುಕಾಟ ಶುರುವಾಯಿತು.

ಮಂತ್ರಿಯ ಬಲಗೈ ಬಂಟ ಚನ್ನಬಸಯ್ಯ ಕಾರಿನಲ್ಲಿ ಬಾರಿದಿನ್ನಿಗೆ ಬಂದಾಗ ರೇವಣಪ್ಪ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ. ಆದೇಶ ಪತ್ರದಲ್ಲಿ ಕಾಯ್ದೆಯ ಮಾತು ಇದ್ದರೆ ಓದಿ ಹೇಳಲು ಅಂತ ನನ್ನನ್ನೂ ಇಂಡಿಯಿಂದ ಕರೆದುಕೊಂಡು ಬಂದಿದ್ದರು.

"ನನ್ನ ಕಡಿಂದ ಏನು ಆಗಬೇಕ್ರಿ?" ಅಂತ ರೇವಣಪ್ಪ ಕತ್ತರಿ ಕೆಳಗಿಟ್ಟು ಕೇಳಿದ.

"ಏನಿಲ್ಲ ಯಜಮಾನ್ರ. ಇಲಾಖೆಗೆ ಸಲಹೆ ಕೊಡೂದು. ಅಷ್ಟ."

"ಅದೇನು ದೊಡ್ಡ ಮಾತಲ್ಲ. ಕೇಳಿದ್ರ ಹೇಳ್ತೇನಿ."

"ಅಷ್ಟ ಸಾಕು," ಅಂದ ಚನ್ನಬಸಯ್ಯ. ಇಬ್ಬರೂ ಒಂದೇ ಮಾತು ಆಡಿದರು ಅಂತ ನಾನೂ ಅಂದುಕೊಂಡೆ.

ರೇವಣಪ್ಪನಿಗೆ ಮುಚ್ಚುಮರೆ ಗೊತ್ತಿಲ್ಲ. ಪಗಾರ ಎಷ್ಟು ಅಂತ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ತಾನೇ ಎಲ್ಲರಿಗೂ ಹೇಳಿದ. ಮೊದಲನೆಯ ತಿಂಗಳಿನದನ್ನು ಬೀರದೇವರ ಮುಂದಿಟ್ಟು ಕೈಮುಗಿದ. ಎರಡನೆಯದರಲ್ಲಿ ಕುರಿಹಟ್ಟಿಗೆ ತಗಡು ಹಾಕಿಸಿದ. ಆಮೇಲೆ ಹುಚ್ಚವ್ವನಿಗೆ ಅಂತ ಯಳಗ ತಳಿಯ ಕುರಿ ಐದು ತಂದ. ಬಿಳಿಯ ಬಣ್ಣ, ಎತ್ತರದ ಕಾಲು, ನೋಡಲು ಅಷ್ಟು ಚೆಂದ. ಹುಚ್ಚವ್ವ ಅವುಗಳಿಗೆ ಒಂದೊಂದು ಹೆಸರಿಟ್ಟಳು. ಎಲ್ಲಕ್ಕಿಂತ ಸಣ್ಣದನ್ನು "ಭಾಗಿ" ಅಂತ, ಮಗಳನ್ನು ಕರೆದಂತೆಯೇ ಕರೆಯುತ್ತಿದ್ದಳು. ಸರಕಾರದ ದುಡ್ಡಿನ ಬಗ್ಗೆ ನನ್ನ ನಾಲಿಗೆ ಎಷ್ಟೇ ಹರಿತವಿದ್ದರೂ ಆ ಕುರಿಗಳನ್ನು ನೋಡಿ ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ತಿಂಗಳಿಗೊಮ್ಮೆ ರೇವಣಪ್ಪ ಇಂಡಿಗೆ ಬಂದು ಸಂಜೆಯ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತಿದ್ದ. ಪಟಕ, ಧೋತರ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ರೊಟ್ಟಿಯ ಗಂಟು. ಬಸ್ಸು ಬರುವವರೆಗೆ ನನ್ನ ಆಫೀಸಿನಲ್ಲಿ ಕೂತು ಅಲ್ಲಿಯ ಸುದ್ದಿ ಹೇಳುತ್ತಿದ್ದ. ಸಲಹೆಗಾರರು ಐವರು, ಅವರಿಗೆ ಕೊಟ್ಟ ಕೋಣೆಯಲ್ಲಿ ಕುರ್ಚಿ ಮೂರು. ಎಲ್ಲರೂ ಒಂದೇ ದಿನ ಬರುವುದಿಲ್ಲವಾದ್ದರಿಂದ ಅದು ಸಾಕಾಗುತ್ತಿತ್ತು. ಸಿಂದಗಿಯ ಗುತ್ತಿಗೆದಾರ ಸಹಿ ಮಾಡಲು ಮಾತ್ರ ಬರುತ್ತಿದ್ದ. ಪ್ರಾಧ್ಯಾಪಕರು ದಿನವಿಡೀ ಫೋನಿನಲ್ಲಿ ಇರುತ್ತಿದ್ದರು. ತಿಂಗಳ ಸಭೆಯಲ್ಲಿ ಮಂತ್ರಿಗಳು ಮುಂದೆ, ಅಧಿಕಾರಿಗಳು ಎರಡೂ ಬದಿಗೆ, ಸಲಹೆಗಾರರು ಗೋಡೆಗೆ ಒರಗಿ ಹಿಂದೆ ಕೂರುತ್ತಿದ್ದರು. ಚಹಾ, ಗೋಡಂಬಿ ಬರುತ್ತಿದ್ದವು. ಸಭೆ ಮುಗಿಯುತ್ತಿತ್ತು.

"ನೀ ಏನು ಹೇಳಿದಿ?" ಅಂತ ನಾನು ಕೇಳಿದರೆ, "ಅವರಿನ್ನೂ ಕೇಳಿಲ್ಲ" ಅನ್ನುತ್ತಿದ್ದ.

"ಕೇಳೂದ ಇಲ್ಲ ಅವರು. ಹಂಗ ನಡೀತೈತಿ ಅಲ್ಲಿ."

"ಕೇಳ್ತಾರ ಬಿಡು. ಪಗಾರ ಕೊಡ್ತಾರಂದ್ರ ಎಂದರ ಕೇಳಾಕ ಬೇಕಲ್ಲ."

ಅವನು ತಮಾಷೆ ಮಾಡುತ್ತಿರಲಿಲ್ಲ. ಕಂಬಳಿಯ ಮೇಲೆ ಕೂತು ಕಾಯುವುದು ಹೇಗೆ ಒಂದು ಕೆಲಸವೋ, ಗೋಡೆಗೆ ಒರಗಿ ಕೂತು ಕಾಯುವುದೂ ಹಾಗೆಯೇ ಒಂದು ಕೆಲಸ ಅಂತ ನಂಬಿದ್ದ. ಉಳಿದ ನಾಲ್ವರೂ ಬಾಯಿ ಬಿಡುತ್ತಿರಲಿಲ್ಲ, ಅವರಿಗೆ ಹೇಳುವುದಕ್ಕೆ ಏನೂ ಇರಲಿಲ್ಲ. ಇವನಿಗೆ ಹೇಳುವುದು ಇತ್ತು. ಆದರೂ ಐವರ ಮೌನ ಒಂದೇ ರೀತಿ ಕಾಣುತ್ತಿತ್ತು, ಐವರಿಗೂ ಒಂದೇ ಪಗಾರ ಬರುತ್ತಿತ್ತು. ಅಧಿಕಾರಿಗಳಿಗೆ ರೇವಣಪ್ಪನ ಮೇಲೆ ಬಹಳ ಗೌರವ ಅಂತ ಚನ್ನಬಸಯ್ಯ ನನ್ನ ಮುಂದೆ ಹೊಗಳುತ್ತಿದ್ದ.

ಇತ್ತ ಬಾರಿದಿನ್ನಿಯಲ್ಲಿ ಒಂದು ದನದ ಆಸ್ಪತ್ರೆ ಇದೆ. ಗೋಡೆ ಇದೆ, ಬೋರ್ಡು ಇದೆ, ಕಸ ಗುಡಿಸಿ ಬೀಗ ಹಾಕುವ ರೋಷನಬಿ ಇದ್ದಾಳೆ. ಡಾಕ್ಟರು ಮಾತ್ರ ಇಲ್ಲ, ವರ್ಗವಾಗಿ ಹೋದವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಕುರಿ ಹಿಡಿದುಕೊಂಡು ಬಂದವರಿಗೆ ರೋಷನಬಿ "ನಾ ಏನು ಮಾಡ್ಲಿ, ಇಲ್ಲಿರೂದು ನಾನು, ಕಸಬರಿಗಿ, ಇಷ್ಟ" ಅನ್ನುತ್ತಿದ್ದಳು. ಸಲಹೆಗಾರರ ಪಗಾರವನ್ನೆಲ್ಲ ಕೂಡಿಸಿದರೆ ಇಂಥ ಆಸ್ಪತ್ರೆಗಳಿಗೆ ಮೂವರು ಡಾಕ್ಟರು ಬರುತ್ತಾರೆ. ಈ ಲೆಕ್ಕವನ್ನು ನಾನು ಕೋರ್ಟಿನ ಕ್ಯಾಂಟೀನಿನಲ್ಲಿ ಬಹಳ ಸಲ ಮಾಡಿ ತೋರಿಸಿದ್ದೇನೆ. ಕೇಳಿದವರು ಹೌದ್ರಿ ಹೌದ್ರಿ ಅಂದು ಚಹಾ ಕುಡಿದು ಹೋದರು.

ಪ್ರತಿ ಸಲ ಬೆಂಗಳೂರಿಗೆ ಹೊರಟಾಗ ಹುಚ್ಚವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡುತ್ತ ಗಂಡನಿಗೆ ಒಂದೇ ಮಾತು ಹೇಳುತ್ತಿದ್ದಳು.

"ನಮ್ಮೂರಿಗೊಬ್ಬ ಡಾಕ್ಟರ್ನ ಕೇಳ್ಕೊಂಡು ಬರ್ರಿ. ಮಳಿ ಬರೂದ್ರೊಳಗ ಕುರಿಗೋಳಿಗೆ ಸೂಜಿ ಆಗಬೇಕು."

"ನೋಡೂಣು," ಅನ್ನುತ್ತಿದ್ದ ರೇವಣಪ್ಪ.

ಅವಳ ತಮ್ಮ ಶಂಕ್ರೆಪ್ಪನೂ ಅದನ್ನೇ ಕೇಳುತ್ತಿದ್ದ. ಚಹಾದಂಗಡಿಯಲ್ಲಿ ಸಿಕ್ಕವರೂ ಕೇಳುತ್ತಿದ್ದರು. ಎಲ್ಲರಿಗೂ ಅದೇ "ನೋಡೂಣು." ಹಬ್ಬಕ್ಕೆ ಬಂದ ಅಳಿಯ ಏನು ಬೇಕಾದರೂ ಕೇಳುವಂತೆ ಊರವರು ಕೇಳುತ್ತಾರೆ ಅಂತ ಅವನು ನಕ್ಕೂ ಇದ್ದ.

ಮಳೆ ಬಂತು. ಆ ವರ್ಷ ಒಳ್ಳೆಯ ಮಳೆಯೇ ಬಂತು, ಹಳ್ಳ ತುಂಬಿತು, ಸೊಳ್ಳೆ ನುಸಿ ಎದ್ದವು. ಅದರ ಬೆನ್ನಿಗೆ ನೀಲಿ ನಾಲಿಗೆ ರೋಗ ಬಂತು. ಕುರಿಯ ತುಟಿ ಊದಿಕೊಳ್ಳುತ್ತದೆ, ಜೊಲ್ಲು ಸುರಿಯುತ್ತದೆ, ಕಾಲು ಕುಂಟುತ್ತದೆ, ನಾಲಿಗೆ ನೀಲಿಯಾಗಿ ಮೇವು ನುಂಗಲಾಗದೆ ಅದು ಹಸಿವಿನಿಂದ ಒದರುತ್ತ ಸಾಯುತ್ತದೆ. ಮಳೆಗಾಲಕ್ಕೆ ಮೊದಲೇ ಸೂಜಿ ಹಾಕಿಸಿದ್ದರೆ ಬಹುಮಟ್ಟಿಗೆ ತಪ್ಪುವ ರೋಗ ಅದು. ಶಂಕ್ರೆಪ್ಪನ ಹಿಂಡಿನಲ್ಲಿ ಅರ್ಧಕ್ಕರ್ಧ ಹೋದವು. ರೇವಣಪ್ಪನ ಹಟ್ಟಿಯಲ್ಲಿ ತಗಡು ಇತ್ತು, ಯಳಗದ ಕುರಿ ಒಂದೂ ಉಳಿಯಲಿಲ್ಲ. ಹುಚ್ಚವ್ವ ಗಂಜಿ ಮಾಡಿ ಭಾಗಿಯ ಬಾಯಿಗೆ ಚಮಚದಲ್ಲಿ ಹನಿ ಹನಿ ಹಾಕಿದಳು. ಅದು ಅವಳ ಮಡಿಲಲ್ಲೇ ಸತ್ತಿತು. ಆ ಸಂಜೆ ನಾನು ಅವರ ಮನೆಗೆ ಹೋಗಿದ್ದೆ. ಅವಳು ಅಳುತ್ತಿರಲಿಲ್ಲ, ಚಮಚವನ್ನು ತೊಳೆದು ತೊಳೆದು ಮತ್ತೆ ತೊಳೆಯುತ್ತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ.

ಅದಾದ ಮೇಲೆ ಒಂದು ಸೋಮವಾರ ಶಂಕ್ರೆಪ್ಪ ಗುಡಿಯ ಮುಂದೆ ಕಂಬಳಿ ಹಾಸಿರಿ ಅಂದ. ಊರವರು ಕೂಡಿದರು. ಅಮಾವಾಸ್ಯೆಗೆಂದು ಊರಿಗೆ ಹೋಗಿದ್ದ ನಾನೂ ಅಲ್ಲಿದ್ದೆ. ರೇವಣಪ್ಪ ಎಂದಿನಂತೆ ಕೋಲು ಹಿಡಿದು ಬಂದು, ಚಪ್ಪಲಿ ಬಿಟ್ಟು, ಕಂಬಳಿಯ ಮೇಲೆ ತನ್ನ ಜಾಗದಲ್ಲಿ ಕೂತ. ಯಾರದೋ ಇಬ್ಬರ ಜಗಳ ಅಂತ ತಿಳಿದಿದ್ದ. ಶಂಕ್ರೆಪ್ಪ ಅವನ ಮುಂದೆ ಭಂಡಾರ ಇಟ್ಟ.

"ಕೇಳ್ತೇನ್ರಿ ಮಾಂವ."

"ಕೇಳಪಾ. ಯಾರ ಮ್ಯಾಲ ನಿನ್ನ ದೂರು?"

"ನಿಮ್ಮ ಮ್ಯಾಲ."

ದೂರು ಬಂದವನು ಕಂಬಳಿಯಿಂದ ಏಳಬೇಕು. ರೇವಣಪ್ಪ ಏಳಲಿಲ್ಲ. ಅವನ ಅಜ್ಜ, ಅಪ್ಪ ಕೂತ ಜಾಗ ಅದು. ಅವರಲ್ಲಿ ಯಾರನ್ನೂ ಆ ಕಂಬಳಿಯಿಂದ ಎಬ್ಬಿಸಿದ್ದಿಲ್ಲ. ಹೊಲ ಹೋದರೂ ಅವನು ತಡೆದುಕೊಳ್ಳುತ್ತಿದ್ದ, ಆ ಜಾಗ ಹೋದರೆ ಊರಲ್ಲಿ ತಲೆಯೆತ್ತಿ ನಡೆಯುವವನಲ್ಲ ಅಂತ ನನಗೆ ಗೊತ್ತಿತ್ತು.

"ನಾ ಏನು ತಪ್ಪು ಮಾಡೇನಿ, ಅದನ್ನರ ಹೇಳು," ಅಂದ.

"ವರ್ಷ ಆತು, ಸರಕಾರದ ಕುರ್ಚಿ ಮ್ಯಾಲ ಕುಂತೀರಿ. ಪಗಾರ ತಗೊಂಡೀರಿ. ತಗೋರಿ, ನಮಗೇನು ಹೊಟ್ಟಿಕಿಚ್ಚಿಲ್ಲ. ಡಾಕ್ಟರ್ ಬೇಕಂತ ಅಲ್ಲಿ ಒಂದು ಮಾತು ಅಂದೀರೇನು?"

"ಇಲ್ಲ."

"ಯಾಕಂದಿಲ್ಲ?"

"ನನ್ನನ್ನ ಯಾರೂ ಕೇಳ್ಲಿಲ್ಲ ಶಂಕ್ರಾ. ಕೇಳದ ಹೇಳಬಾರದು ಅಂತ ನನಗ ಕಲಿಸಿದ್ದು ಈ ಕಂಬಳೀನ. ಬೆಂಗಳೂರಾಗ ಒಂದು ಕಟ್ಟಳಿ, ಇಲ್ಲಿ ಒಂದು ಕಟ್ಟಳಿ ಮಾಡೂ ಮನಷ್ಯಾ ನಾ ಅಲ್ಲ. ನಾ ತಪ್ಪಿದ್ರ ತೋರ್ಸು, ಏಳ್ತೇನಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ಕಟ್ಟಳೆ ಹಾಗೆಯೇ ಇತ್ತು, ಅವನು ಅದನ್ನಂತೂ ಮುರಿದಿರಲಿಲ್ಲ. ಕೋರ್ಟಿನಲ್ಲಾಗಿದ್ದರೆ ನಾನು ಅವನ ಪರ ನಿಂತು ಇದೇ ವಾದ ಮಾಡಿ ಗೆಲ್ಲುತ್ತಿದ್ದೆ. ಕುರಿ ಸತ್ತ ಸಿಟ್ಟು ಎಲ್ಲರ ಹೊಟ್ಟೆಯಲ್ಲಿ ಇದ್ದರೂ ಮಂದಿ ಏಳಲು ಅಣಿಯಾದರು.

ಆಗ ಗುಡಿಯ ಕಟ್ಟೆಯ ಹಿಂದೆ, ಹೆಂಗಸರು ನಿಲ್ಲುವ ಕಡೆಯಿಂದ ಹುಚ್ಚವ್ವ ಮುಂದೆ ಬಂದಳು. ಆ ಕಂಬಳಿಯನ್ನು ಬಿಸಿಲಿಗೆ ಹಾಕಿ ಝಾಡಿಸಿ ಮಡಿಚಿಡುವುದು ಇಷ್ಟು ವರ್ಷ ಅವಳ ಕೆಲಸ. ಅದರ ಮುಂದೆ ನಿಂತು ಅವಳು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ನಾ ಕೇಳೇನಿ," ಅಂದಳು.

ರೇವಣಪ್ಪ ತಲೆ ಎತ್ತಿದ.

"ತಿಂಗಳಾ ತಿಂಗಳಾ ರೊಟ್ಟಿ ಕಟ್ಟುವಾಗ ಕೇಳೇನಿ. ಮಳಿ ಬರೂದ್ರೊಳಗ ಅಂತ ಕೇಳೇನಿ. ಇವಾ ಶಂಕ್ರ ಕೇಳ್ಯಾನ, ಊರು ಕೇಳೈತಿ. ಮಂತ್ರಿ ಕೇಳಿದ್ರ ಅಷ್ಟ ಕೇಳಿದಂಗೇನ್ರಿ? ನಾವು ಕೇಳಿದ್ದು ಕೇಳಿದಂಗಲ್ಲೇನು? ಭಂಡಾರ ಇಟ್ಟಿಲ್ಲಂದ್ರ ಹೇಳ್ರಿ, ಮನ್ಯಾಗ ಡಬ್ಬಿ ತುಂಬ ಐತಿ, ತಂದು ಸುರೀತೇನಿ."

ಅವಳ ದನಿ ಏರಲಿಲ್ಲ. ಅಷ್ಟು ಹೇಳಿ ಸೆರಗು ಹೊದ್ದುಕೊಂಡು ನಿಂತಳು.

ರೇವಣಪ್ಪ ತನ್ನ ಮುಂದಿದ್ದ ಭಂಡಾರವನ್ನು ನೋಡಿದ, ಕೋಲು ಊರಿ ಎದ್ದ. ಕಂಬಳಿಯಿಂದ ಇಳಿದು ಮಣ್ಣಿನ ಮೇಲೆ, ದೂರು ಬಂದವರು ಕೂರುವ ಜಾಗದಲ್ಲಿ ಕೂತ. "ತಪ್ಪಾತು," ಅಂದ. ನಾನು ಅವನಿಂದಾಗಿ ನನ್ನ ಕೈತಪ್ಪಿದ ಕೇಸುಗಳ ಲೆಕ್ಕ ಇಟ್ಟವನು, ಅವನು ಸೋತದ್ದನ್ನು ನೋಡಿ ನನಗೇನೂ ಸಂತೋಷವಾಗಲಿಲ್ಲ.

ಅವತ್ತು ಕಂಬಳಿಯನ್ನು ಶಂಕ್ರೆಪ್ಪ ಮಡಿಚಿದ.

ಮುಂದಿನ ಸಭೆಗೆ ರೇವಣಪ್ಪ ಬೆಂಗಳೂರಿಗೆ ಹೊರಟಾಗ ನನ್ನ ಆಫೀಸಿಗೆ ಬಂದ. ಅಂದು ಬೆಳಿಗ್ಗೆ ಮನೆಯಲ್ಲಿ ನಡೆದದ್ದನ್ನು ಅವನೇ ಹೇಳಿದ. ಹುಚ್ಚವ್ವ ರೊಟ್ಟಿ ಕಟ್ಟಿ ಕೈಗೆ ಕೊಟ್ಟಳು, ಬಾಯಿ ಬಿಡಲಿಲ್ಲ. ಇವನು ಹೊಸ್ತಿಲಲ್ಲಿ ನಿಂತೇ ಇದ್ದ.

"ಇವತ್ತ ಏನೂ ಕೇಳೂದಿಲ್ಲೇನು?" ಅಂದನಂತೆ.

"ಕೇಳಿದ್ದು ಆಗೇತಿ. ಹೋಗಿ ಹೇಳ್ರಿ," ಅಂದಳಂತೆ.

ಸಭೆಯಲ್ಲಿ ನಡೆದದ್ದು ನನಗೆ ಚನ್ನಬಸಯ್ಯನ ಬಾಯಿಂದಲೇ ತಿಳಿಯಿತು, ಅದೂ ಬೈಗುಳದ ಸಮೇತ. ಚಹಾ ಬಂದಿತ್ತು, ಗೋಡಂಬಿ ಬಂದಿತ್ತು. ಅಧಿಕಾರಿಯೊಬ್ಬರು ಎಲ್ಲ ಜಿಲ್ಲೆಗಳ ಪ್ರಗತಿ ಓದುತ್ತಿದ್ದರು. ರೇವಣಪ್ಪ ಗೋಡೆಯ ಬದಿಯಿಂದ ಎದ್ದು ನಿಂತ. ಬಚ್ಚಲಿಗೆ ಹೊರಟ ಅಂತ ಯಾರೋ ಬಾಗಿಲು ತೋರಿಸಿದರು.

"ನನ್ನನ್ನ ಯಾರೂ ಕೇಳಿಲ್ರಿ, ಆದ್ರೂ ಹೇಳ್ತೇನಿ," ಅಂದನಂತೆ. "ನಮ್ಮೂರ ದನದ ದವಾಖಾನ್ಯಾಗ ಡಾಕ್ಟರ್ ಇಲ್ರಿ. ಸೂಜಿ ಆಗಲಿಲ್ಲ, ಕುರಿ ಸತ್ತು. ನಾವು ಐದು ಮಂದಿ ಇಲ್ಲಿ ಕುಂತೇವಿ. ನಮ್ಮ ಪಗಾರದಾಗ ಮೂರು ಮಂದಿ ಡಾಕ್ಟರ್ ಬರ್ತಾರಂತ ನಮ್ಮ ವಕೀಲ ಲೆಕ್ಕಾ ಮಾಡ್ಯಾನ. ನಮ್ಮನ್ನ ಬಿಡಸ್ರಿ, ಅವರನ್ನ ತಗೋರಿ. ಮೊದಲ ನನ್ನ ಹೆಸರು ತಗೀರಿ. ಇದು ನನ್ನ ಸಲಹಾ."

ಮಂತ್ರಿಗಳು ನಕ್ಕರಂತೆ. ಅವರು ನಕ್ಕಿದ್ದಕ್ಕೆ ಎಲ್ಲರೂ ನಕ್ಕರಂತೆ. ಆಮೇಲೆ ಪ್ರಗತಿ ಓದುವುದು ಮುಂದುವರಿಯಿತು. ನನ್ನ ಹೆಸರನ್ನು ಯಾಕೆ ಎಳೆದು ತಂದ ಅಂತ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಒಂಥರಾ ಹೆಮ್ಮೆಯೂ ಆಯಿತು. ಕ್ಯಾಂಟೀನಿನಲ್ಲಿ ಹೇಳಿದ್ದೂ ಒಮ್ಮೊಮ್ಮೆ ಎಲ್ಲಿಗೋ ಹೋಗಿ ಮುಟ್ಟುತ್ತದೆ.

ಅವನ ಸಲಹೆಯಲ್ಲಿ ಸರಕಾರ ಒಂದು ಭಾಗವನ್ನು ಮಾತ್ರ ಕೂಡಲೇ ಜಾರಿ ಮಾಡಿತು. ಮುಂದಿನ ತಿಂಗಳಿನಿಂದ ರೇವಣಪ್ಪನ ಹೆಸರು ಇರಲಿಲ್ಲ. ಉಳಿದ ನಾಲ್ವರು ಇದ್ದರು, ಅವರ ಜೊತೆಗೆ ಹೊಸಬರು ಇಬ್ಬರು ಬಂದರು. ಈಗ ಅಲ್ಲಿ ಕುರ್ಚಿ ಎಷ್ಟಿವೆಯೋ ನನಗೆ ಗೊತ್ತಿಲ್ಲ.

ಡಾಕ್ಟರ ವಿಷಯ ಹೇಳಬೇಕು. ಮುಂದಿನ ಬೇಸಿಗೆಯಲ್ಲಿ ಬೇರೆ ಊರಿನ ಡಾಕ್ಟರೊಬ್ಬರನ್ನು ವಾರಕ್ಕೆ ಎರಡು ದಿನ ನಮ್ಮೂರಿಗೆ ಹಾಕಿದರು. ಅದು ರೇವಣಪ್ಪನ ಮಾತಿನಿಂದ ಆಯಿತೋ, ಶಂಕ್ರೆಪ್ಪ ಊರವರನ್ನೆಲ್ಲ ಕಟ್ಟಿಕೊಂಡು ಇಂಡಿಯಲ್ಲಿ ಧರಣಿ ಕೂತದ್ದಕ್ಕೆ ಆಯಿತೋ ಹೇಳುವವರಿಲ್ಲ. ಪತ್ರಿಕೆಯಲ್ಲಿ ಮಂತ್ರಿಗಳ ಕಾಳಜಿಯಿಂದ ಅಂತ ಬಂದಿತ್ತು. ಯಾರಿಂದಲೇ ಆಗಲಿ, ಮಳೆಗೆ ಮೊದಲು ಸೂಜಿ ಆದವು. ಆ ದಿನ ರೋಷನಬಿ ಹೊಸ ಸೀರೆ ಉಟ್ಟು ಬಾಗಿಲು ತೆರೆದಿದ್ದಳು.

ಕಂಬಳಿಯ ಮೇಲೆ ಈಗ ಶಂಕ್ರೆಪ್ಪ ಕೂರುತ್ತಾನೆ. ಎಬ್ಬಿಸಿದವರೇ ಬಂದು ಕರೆದರೆ ಮತ್ತೆ ಕೂರಬಹುದು ಅನ್ನುವ ರೂಢಿ ಇದೆ. ಶಂಕ್ರೆಪ್ಪನೇ ಬಂದು ಕರೆದದ್ದೂ ಆಯಿತು. "ನೀ ಚಲೋ ಮಾಡಾಕತ್ತಿ, ನೀನ ಮಾಡು" ಅಂದು ರೇವಣಪ್ಪ ಒಲ್ಲೆ ಅಂದ. ನ್ಯಾಯ ನಡೆಯುವ ದಿನ ಬಂದು ಮಣ್ಣಿನ ಮೇಲೆ ಕೂರುತ್ತಾನೆ. ಎಲ್ಲ ಮುಗಿಯಿತು ಅಂತ ಮಂದಿ ಏಳುವ ಹೊತ್ತಿಗೆ ಹೆಂಗಸರು ನಿಂತ ಕಡೆ ತಿರುಗಿ, "ಯಾರರ ಏನರ ಕೇಳೂದೈತೇನ್ರವಾ?" ಅಂತ ಕೇಳುತ್ತಾನೆ. ಮೊದಮೊದಲು ಅವರು ನಗುತ್ತಿದ್ದರು. ಈಗ ಕೇಳುತ್ತಾರೆ. ಇದರಿಂದ ನ್ಯಾಯ ಮುಗಿಯುವುದು ತಡವಾಗುತ್ತದೆ ಅಂತ ಶಂಕ್ರೆಪ್ಪನಿಗೆ ಸ್ವಲ್ಪ ಬೇಸರವಿದೆ.

ಮೊನ್ನೆ ಊರಿಗೆ ಹೋದಾಗ ರೇವಣಪ್ಪ ಮನೆಯಲ್ಲಿರಲಿಲ್ಲ, ಕುರಿ ಹೊಡೆದುಕೊಂಡು ಹೋಗಿದ್ದ. ಹುಚ್ಚವ್ವ ಚಹಾ ಕೊಟ್ಟಳು. ಬೆಂಗಳೂರಿನ ಕೊನೆಯ ಸಭೆ ಮುಗಿಸಿ ಬಂದ ದಿನ ಅವನು ಹೇಗಿದ್ದ ಅಂತ ಕೇಳಿದೆ.

"ಹೆಂಗಿರ್ತಾರ್ರಿ? ಬಂದ್ರು, ಕಾಲು ತೊಳ್ಕೊಂಡ್ರು, ಕುಂತ್ರು. ಬೆಂಗಳೂರಾಗ ಏನಂದ್ರು ಅಂತ ನಾ ಕೇಳಿದ್ನಿ."

"ಏನು ಹೇಳಿದ?"

"'ಅವರೇನೂ ಅನ್ಲಿಲ್ಲ, ನಾನ ಅಂದ್ನಿ' ಅಂದ್ರು." ಹುಚ್ಚವ್ವ ನನ್ನ ಕಪ್ಪು ತೆಗೆದುಕೊಂಡು ಬಾಗಿಲ ಕಡೆ ನೋಡಿದಳು. "ಅವತ್ತ ಎರಡು ರೊಟ್ಟಿ ಹೆಚ್ಚ ಉಂಡ್ರು ನೋಡ್ರಿ."